ಸ್ಕಾಲರ್‌ಶಿಪ್ ಮೇಲೆ ಜಪಾನಿಗೆ ಓದಲು ಹೋಗುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ ಮೊದಲಿನಿಂದ

ತೋರಣಗಲ್ಲಿಗೆ ಜಪಾನಿನ ನಂಟು ಹೊಸದಲ್ಲ. ಅಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್‌ನಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಕಂಪನಿಗೆ 2010ರಿಂದಲೂ ಪಾಲಿದೆ. 2024ರಲ್ಲಿ ಇಬ್ಬರೂ ಸೇರಿ, ಟ್ರಾನ್ಸ್‌ಫಾರ್ಮರ್‌ಗಳಿಗೆ ಬೇಕಾದ ಎಲೆಕ್ಟ್ರಿಕಲ್ ಸ್ಟೀಲ್ ಮಾಡಲು ಇನ್ನೊಂದು ಕಂಪನಿಯನ್ನೇ ಕಟ್ಟಿದರು. 2025ರ ಆಗಸ್ಟ್ ಕೊನೆಯಲ್ಲಿ ಭಾರತ ಮತ್ತು ಜಪಾನಿನ ಪ್ರಧಾನಿಗಳು ಟೋಕಿಯೊದಲ್ಲಿ ಕೂತು ಒಂದು ಗುರಿ ಹಾಕಿಕೊಂಡರು. ಐದು ವರ್ಷದಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನ ಓಡಾಡಬೇಕು, ಅದರಲ್ಲಿ ಭಾರತದಿಂದ 50 ಸಾವಿರ ನುರಿತವರು ಜಪಾನಿಗೆ ಹೋಗಬೇಕು. 2033ರ ಹೊತ್ತಿಗೆ 4 ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ಜಪಾನ್ ತಾನೇ ಇಟ್ಟುಕೊಂಡ ಇನ್ನೊಂದು ಗುರಿ.

ಸುದ್ದಿ ನಮ್ಮ ಕಡೆಯ ಹಾಸ್ಟೆಲ್‌ಗಳಿಗೆ ಬರುವಷ್ಟರಲ್ಲಿ ಎಲ್ಲ ಕಲಸುಮೇಲೋಗರ ಆಗಿರುತ್ತದೆ. "ಜಪಾನಿಗೆ ಹೋಗಬಹುದಂತೆ" ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಒಂದು, ಕೆಲಸದ ವೀಸಾ. ಎರಡು, ನಮ್ಮದೇ ದುಡ್ಡು ಕಟ್ಟಿ ಅಲ್ಲಿನ ಭಾಷಾ ಶಾಲೆಗೆ ಸೇರುವುದು. ಮೂರು, ಸ್ಕಾಲರ್‌ಶಿಪ್ ಪಡೆದು ಯೂನಿವರ್ಸಿಟಿಯಲ್ಲಿ ಓದುವುದು. ಮೊದಲ ಎರಡರಲ್ಲಿ ಏಜೆಂಟರ ಓಡಾಟ ಜಾಸ್ತಿ. ಮೂರನೆಯದರಲ್ಲಿ ಏಜೆಂಟರಿಗೆ ಜಾಗವೇ ಇಲ್ಲ. ಈ ಲೇಖನ ಮೂರನೆಯದರ ಬಗ್ಗೆ ಮಾತ್ರ.

ಕೊಡುವವರು ಯಾರು, ಕೊಡುವುದು ಏನು?

ಮುಖ್ಯವಾದ ಸ್ಕಾಲರ್‌ಶಿಪ್ ಜಪಾನ್ ಸರ್ಕಾರದ್ದೇ. ಅಲ್ಲಿನ ಶಿಕ್ಷಣ ಸಚಿವಾಲಯವನ್ನು ಚಿಕ್ಕದಾಗಿ ಮೆಕ್ಸ್ಟ್ ಅನ್ನುತ್ತಾರೆ. ಹಾಗಾಗಿ ಇದಕ್ಕೆ ಮೆಕ್ಸ್ಟ್ ಸ್ಕಾಲರ್‌ಶಿಪ್ ಎಂದೇ ಹೆಸರು. 1954ರಿಂದ ನಡೆದುಕೊಂಡು ಬಂದಿದೆ.

ಇದರಲ್ಲಿ ಸಿಗುವುದು ಮೂರು. ಕಾಲೇಜಿನ ಫೀಸು ಪೂರ್ತಿ ಮಾಫಿ. ಹೋಗುವ ಮತ್ತು ಓದು ಮುಗಿದ ಮೇಲೆ ವಾಪಸ್ ಬರುವ ವಿಮಾನದ ಟಿಕೆಟ್. ಜೊತೆಗೆ ತಿಂಗಳ ಖರ್ಚಿಗೆ ದುಡ್ಡು. ಇತ್ತೀಚಿನ ವರ್ಷಗಳ ನಿಯಮದಂತೆ ರಿಸರ್ಚ್ ವಿದ್ಯಾರ್ಥಿಗೆ ತಿಂಗಳಿಗೆ 1,43,000 ಯೆನ್, ಮಾಸ್ಟರ್ಸ್ ಓದುವವರಿಗೆ 1,44,000, ಪಿಎಚ್‌ಡಿಗೆ 1,45,000. ಪಿಯುಸಿ ಮುಗಿಸಿ ಡಿಗ್ರಿಗೆ ಹೋಗುವವರಿಗೆ 1,17,000 ಯೆನ್. ಒಂದು ಯೆನ್‌ಗೆ 55ರಿಂದ 60 ಪೈಸೆ ಅಂತ ಹಿಡಿದರೆ, ರಿಸರ್ಚ್ ವಿದ್ಯಾರ್ಥಿಗೆ 80 ಸಾವಿರ ರೂಪಾಯಿ ಆಚೀಚೆ ಆಯಿತು. ಇದು ಸಾಲ ಅಲ್ಲ, ತೀರಿಸಬೇಕಾಗಿಲ್ಲ. ಅರ್ಜಿಗೂ ಸರ್ಕಾರ ಫೀಸು ಕೇಳುವುದಿಲ್ಲ. "ಮೆಕ್ಸ್ಟ್ ಸೀಟು ಕೊಡಿಸುತ್ತೇವೆ, ಇಷ್ಟು ಕಟ್ಟಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ನಮ್ಮ ಭಾಗದವರು ಕೇಳುವ ಇನ್ನೊಂದು ಪ್ರಶ್ನೆ: 371ಜೆ ಸರ್ಟಿಫಿಕೇಟ್ ಇಲ್ಲಿ ನಡೆಯುತ್ತದಾ? ಇಲ್ಲ. ಇದು ಇನ್ನೊಂದು ದೇಶದ ಸರ್ಕಾರದ ಆಯ್ಕೆ. ಕಲ್ಯಾಣ ಕರ್ನಾಟಕ, ಗ್ರಾಮೀಣ, ಕನ್ನಡ ಮಾಧ್ಯಮ, ಯಾವ ಕೋಟಾವೂ ಇಲ್ಲಿಲ್ಲ. ಅಂಥ ಕಾಗದ ಮಾಡಿಸಲು ತಹಶೀಲ್ದಾರ್ ಕಚೇರಿಗೆ ಅಲೆಯುವ ಸಮಯವಾದರೂ ಉಳಿಯಿತು ಅಲ್ವಾ.

ಯಾರಿಗೆ ಯಾವುದು?

ಮೆಕ್ಸ್ಟ್‌ನಲ್ಲಿ ಹಲವು ಬಗೆ ಇವೆ. ನಮ್ಮ ವಿದ್ಯಾರ್ಥಿಗಳಿಗೆ ಸಂಬಂಧಪಡುವುದು ಮುಖ್ಯವಾಗಿ ಎರಡು.

ಪಿಯುಸಿ ಮುಗಿಸಿದವರಿಗೆ ಅಂಡರ್‌ಗ್ರಾಜುಯೇಟ್ ಸ್ಕಾಲರ್‌ಶಿಪ್. ಇದು ಒಟ್ಟು ಐದು ವರ್ಷದ್ದು. ಮೊದಲ ವರ್ಷ ಪೂರ್ತಿ ಜಪಾನಿ ಭಾಷೆ ಕಲಿಸುತ್ತಾರೆ, ಆಮೇಲೆ ನಾಲ್ಕು ವರ್ಷ ಡಿಗ್ರಿ. ಮೆಡಿಕಲ್‌ನಂಥ ಕೋರ್ಸಿಗೆ ಏಳು ವರ್ಷ. ಪಾಠ ನಡೆಯುವುದು ಹೆಚ್ಚಾಗಿ ಜಪಾನಿಯಲ್ಲೇ. ಆಯ್ಕೆಗೆ ಲಿಖಿತ ಪರೀಕ್ಷೆ ಇರುತ್ತದೆ: ಇಂಗ್ಲಿಷ್, ಗಣಿತ, ಜಪಾನಿ, ಸೈನ್ಸ್‌ನವರಿಗೆ ಜೊತೆಗೆ ವಿಜ್ಞಾನದ ವಿಷಯಗಳು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಜಪಾನ್ ಸರ್ಕಾರದ 'ಸ್ಟಡಿ ಇನ್ ಜಪಾನ್' ವೆಬ್‌ಸೈಟಿನಲ್ಲೇ ಹಾಕಿದ್ದಾರೆ. ಬೇರೇನೂ ಮಾಡುವ ಮುಂಚೆ ಒಂದು ಪತ್ರಿಕೆ ತೆಗೆದು, ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಿ. ನಿಮ್ಮ ಮಟ್ಟ ಎಲ್ಲಿದೆ ಅಂತ ಅದೇ ಹೇಳುತ್ತದೆ.

ಡಿಗ್ರಿ ಮುಗಿಸಿದವರಿಗೆ ರಿಸರ್ಚ್ ಸ್ಟೂಡೆಂಟ್ ಸ್ಕಾಲರ್‌ಶಿಪ್. ಮಾಸ್ಟರ್ಸ್, ಪಿಎಚ್‌ಡಿ ಎಲ್ಲ ಇದರ ಅಡಿಯಲ್ಲೇ ಬರುತ್ತವೆ. ವಯಸ್ಸು 35ರ ಒಳಗಿರಬೇಕು. ಅಂಡರ್‌ಗ್ರಾಜುಯೇಟ್‌ಗಾದರೆ 25ರ ಒಳಗೆ. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳವರು, ರಾಯಚೂರು ಕೃಷಿ ವಿಶ್ವವಿದ್ಯಾಲಯದವರು, ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಎಂಎಸ್ಸಿಯವರು ನೋಡಬೇಕಾದ್ದು ಇದನ್ನೇ. ಮುಂದಿನ ಮಾತೆಲ್ಲ ಹೆಚ್ಚಾಗಿ ಇದರ ಸುತ್ತಲೇ ಇದೆ.

ಮೂರು ವರ್ಷದ ಡಿಗ್ರಿಯ ತೊಡಕು

ಎಷ್ಟೋ ಜನ ಎಡವುವುದು ಇಲ್ಲಿ. ಅದೂ ಎಲ್ಲ ತಯಾರಿ ಮುಗಿದ ಮೇಲೆ ಗೊತ್ತಾಗುತ್ತದೆ.

ಜಪಾನಿನಲ್ಲಿ ಮಾಸ್ಟರ್ಸ್ ಸೇರಲು ಸಾಮಾನ್ಯವಾಗಿ ಒಟ್ಟು 16 ವರ್ಷ ಓದಿರಬೇಕು. ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿವರೆಗೆ 10, ಪಿಯುಸಿ 2, ಬಿಇ 4. ಒಟ್ಟು 16, ಸರಿಹೋಯಿತು. ಬಿಎಸ್ಸಿ ಅಗ್ರಿ ಕೂಡ ನಾಲ್ಕು ವರ್ಷ, ಅದೂ ಸರಿ. ಆದರೆ ಮೂರು ವರ್ಷದ ಬಿಎ, ಬಿಎಸ್ಸಿ, ಬಿಕಾಂ? 10, 2, 3. ಒಟ್ಟು 15. ಒಂದು ವರ್ಷ ಕಡಿಮೆ.

ಕರ್ನಾಟಕದಲ್ಲಿ ಇದು ಇನ್ನೂ ಸ್ವಲ್ಪ ಗೋಜಲು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕನಿಗೆ ನಾಲ್ಕನೇ ವರ್ಷದ ಅವಕಾಶ ಇತ್ತು, ತಮ್ಮನಿಗೆ ಇಲ್ಲ ಅನ್ನುವಂತಾಗಿದೆ. ನೀವು ಯಾವ ವರ್ಷ ಸೇರಿದಿರಿ, ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಎಷ್ಟು ಸೆಮಿಸ್ಟರ್ ಇವೆ ಅಂತ ಮೊದಲು ಎಣಿಸಿ.

15 ವರ್ಷದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಎರಡು ದಾರಿ ಇವೆ. ಇಲ್ಲೇ ಎಂಎಸ್ಸಿ ಅಥವಾ ಎಂಎ ಮುಗಿಸಿ ಅರ್ಜಿ ಹಾಕುವುದು ಒಂದು. 22 ವರ್ಷ ತುಂಬಿದವರು, ಡಿಗ್ರಿ ಮುಗಿಸಿದವರಿಗೆ ಸಮನಾದ ಅರ್ಹತೆ ತಮಗಿದೆ ಎಂದು ಜಪಾನಿನ ಯೂನಿವರ್ಸಿಟಿಯಿಂದಲೇ ಒಪ್ಪಿಸಿಕೊಳ್ಳುವುದು ಇನ್ನೊಂದು. ಇದಕ್ಕೆ ಪ್ರತ್ಯೇಕ ಅರ್ಹತಾ ಪರಿಶೀಲನೆ ಅನ್ನುತ್ತಾರೆ. ಎರಡನೆಯದು ಆಯಾ ಯೂನಿವರ್ಸಿಟಿಗೆ ಬಿಟ್ಟದ್ದು. ನನ್ನನ್ನು ಕೇಳಿದರೆ, ಎಂಎಸ್ಸಿ ಮುಗಿಸಿ ಹೋಗುವುದೇ ಹೆಚ್ಚು ಭದ್ರ. ಅಷ್ಟರಲ್ಲಿ ಒಂದು ಪ್ರಾಜೆಕ್ಟ್ ಮಾಡಿರುತ್ತೀರಿ, ಹೇಳಿಕೊಳ್ಳಲು ಸ್ವಂತದ್ದು ಏನಾದರೂ ಇರುತ್ತದೆ.

ರಾಯಭಾರ ಕಚೇರಿಯ ದಾರಿ, ಯೂನಿವರ್ಸಿಟಿಯ ದಾರಿ

ರಿಸರ್ಚ್ ಸ್ಕಾಲರ್‌ಶಿಪ್‌ಗೆ ಎರಡು ಕಡೆಯಿಂದ ಅರ್ಜಿ ಹಾಕಬಹುದು.

ಒಂದು, ಭಾರತದಲ್ಲಿರುವ ಜಪಾನ್ ರಾಯಭಾರ ಕಚೇರಿಯ ಮೂಲಕ. ಸಾಮಾನ್ಯವಾಗಿ ಏಪ್ರಿಲ್–ಮೇ ಹೊತ್ತಿಗೆ ಪ್ರಕಟಣೆ ಬರುತ್ತದೆ. ಅರ್ಜಿಗೆ ಕೊಡುವ ಸಮಯ ಕಡಿಮೆ, ಕೆಲವೇ ವಾರ. ಜೂನ್–ಜುಲೈನಲ್ಲಿ ಲಿಖಿತ ಪರೀಕ್ಷೆ, ಸಂದರ್ಶನ. ಇದರಲ್ಲಿ ಪಾಸಾದರೆ ಮೊದಲ ಸುತ್ತಿನ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಹಿಡಿದು ನೀವೇ ಜಪಾನಿನ ಪ್ರೊಫೆಸರ್‌ಗಳಿಗೆ ಬರೆದು, "ಈ ವಿದ್ಯಾರ್ಥಿಯನ್ನು ತೆಗೆದುಕೊಳ್ಳಲು ನಾವು ಸಿದ್ಧ" ಎಂಬ ತಾತ್ಕಾಲಿಕ ಒಪ್ಪಿಗೆ ಪತ್ರ ಪಡೆಯಬೇಕು. ಕೊನೆಯ ತೀರ್ಮಾನ ಟೋಕಿಯೊದಿಂದ ಮುಂದಿನ ವರ್ಷದ ಆರಂಭದಲ್ಲಿ ಬರುತ್ತದೆ. ಹೊರಡುವುದು ಏಪ್ರಿಲ್‌ನಲ್ಲಿ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ.

ಇನ್ನೊಂದು, ನೇರವಾಗಿ ಜಪಾನಿನ ಯೂನಿವರ್ಸಿಟಿಯ ಶಿಫಾರಸಿನ ಮೂಲಕ. ಇಲ್ಲಿ ಮೊದಲು ಪ್ರೊಫೆಸರ್ ಒಪ್ಪಬೇಕು. ಆಮೇಲೆ ಯೂನಿವರ್ಸಿಟಿ ತನ್ನೊಳಗೆ ಆಯ್ಕೆ ಮಾಡಿ ಸರ್ಕಾರಕ್ಕೆ ಹೆಸರು ಕಳಿಸುತ್ತದೆ. ಅರ್ಜಿ ಹೆಚ್ಚಾಗಿ ಚಳಿಗಾಲದ ಆಸುಪಾಸು, ಹೊರಡುವುದು ಮುಂದಿನ ಸೆಪ್ಟೆಂಬರ್–ಅಕ್ಟೋಬರ್. ರಾಯಭಾರ ಕಚೇರಿಯ ಲಿಖಿತ ಪರೀಕ್ಷೆ ಇರುವುದಿಲ್ಲ. ಆದರೆ ಅಂಕದ ಗೆರೆ ಇದೆ. ಜಪಾನಿನ ಲೆಕ್ಕದಲ್ಲಿ 3.00ಕ್ಕೆ ಕನಿಷ್ಠ 2.30 ಬರಬೇಕು. ನಮ್ಮ ಸಿಜಿಪಿಎಯನ್ನು ನೇರವಾಗಿ ಭಾಗಿಸಿ ಇದನ್ನು ಕಂಡುಕೊಳ್ಳಲು ಆಗದು. ಪ್ರತಿ ವಿಷಯದ ಗ್ರೇಡನ್ನು ಅವರ ಅಳತೆಗೆ ಬದಲಾಯಿಸಿ ಸರಾಸರಿ ತೆಗೆಯುತ್ತಾರೆ.

ಒಂದೇ ವರ್ಷಕ್ಕೆ ಎರಡೂ ಕಡೆ ಅರ್ಜಿ ಹಾಕುವಂತಿಲ್ಲ. ಒಂದನ್ನು ಆರಿಸಿಕೊಳ್ಳಬೇಕು. ನಿಮ್ಮ ವಿಷಯದಲ್ಲಿ ಈಗಾಗಲೇ ಮಾತಿಗೆ ಸಿಕ್ಕ ಪ್ರೊಫೆಸರ್ ಇದ್ದರೆ ಯೂನಿವರ್ಸಿಟಿ ದಾರಿ. ಯಾರೂ ಪರಿಚಯ ಇಲ್ಲ, ಆದರೆ ಪರೀಕ್ಷೆ ಮತ್ತು ಸಂದರ್ಶನ ಎದುರಿಸುವ ಧೈರ್ಯ ಇದೆ ಅಂದರೆ ರಾಯಭಾರ ಕಚೇರಿಯ ದಾರಿ.

ಅರ್ಜಿಯ ದಿನದಿಂದ ವಿಮಾನ ಹತ್ತುವವರೆಗೆ ಹೆಚ್ಚುಕಡಿಮೆ ಒಂದು ವರ್ಷ. ಅದಕ್ಕೂ ಮುಂಚಿನ ತಯಾರಿಗೆ ಆರು ತಿಂಗಳು. ಅಂದರೆ ಬಿಇ ಏಳನೇ ಸೆಮಿಸ್ಟರ್‌ನಲ್ಲೇ ಕೆಲಸ ಶುರುವಾಗಬೇಕು. ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂದರೆ ಆ ವರ್ಷ ಕೈತಪ್ಪುತ್ತದೆ.

'ರಿಸರ್ಚ್ ಸ್ಟೂಡೆಂಟ್' ಆಗಿ ಹೋಗುವುದು ಅಂದರೆ

ಆಯ್ಕೆಯಾದ ಬಹಳ ಜನ ಜಪಾನಿಗೆ ಇಳಿದ ಕೂಡಲೇ ಮಾಸ್ಟರ್ಸ್ ಶುರು ಅಂದುಕೊಳ್ಳುತ್ತಾರೆ. ಹಾಗೇ ಆಗಬೇಕೆಂದಿಲ್ಲ. ಹೆಚ್ಚಿನವರು ಮೊದಲು ಕೆಂಕ್ಯೂಸೇ, ಅಂದರೆ ರಿಸರ್ಚ್ ವಿದ್ಯಾರ್ಥಿಯಾಗಿ ಸೇರುತ್ತಾರೆ. ಇದು ಒಂಥರಾ ನಿಶ್ಚಿತಾರ್ಥ. ಸಂಬಂಧ ಗಟ್ಟಿಯಾಗಿದೆ, ಎರಡೂ ಕಡೆಯವರು ಒಪ್ಪಿದ್ದಾರೆ, ಆದರೆ ತಾಳಿ ಇನ್ನೂ ಕಟ್ಟಿಲ್ಲ. ಈ ಅವಧಿಯಲ್ಲಿ ಡಿಗ್ರಿ ಸಿಗುವುದಿಲ್ಲ. ಭಾಷೆ ಕಲಿಯುತ್ತೀರಿ, ಲ್ಯಾಬಿನ ಕೆಲಸಕ್ಕೆ ಒಗ್ಗಿಕೊಳ್ಳುತ್ತೀರಿ, ಮಾಸ್ಟರ್ಸ್ ಪ್ರವೇಶ ಪರೀಕ್ಷೆಗೆ ಓದುತ್ತೀರಿ. ಅದರಲ್ಲಿ ಪಾಸಾಗಿ ಮಾಸ್ಟರ್ಸ್ ಸೇರಿದರೆ, ಸ್ಕಾಲರ್‌ಶಿಪ್ ಮುಂದುವರಿಸಲು ಅರ್ಜಿ ಹಾಕಬಹುದು. ರಿಸರ್ಚ್ ವಿದ್ಯಾರ್ಥಿಯಾಗಿ ಇರುವ ಗರಿಷ್ಠ ಅವಧಿ ಏಪ್ರಿಲ್‌ನಲ್ಲಿ ಹೋದವರಿಗೆ ಎರಡು ವರ್ಷ, ಅಕ್ಟೋಬರ್‌ನಲ್ಲಿ ಹೋದವರಿಗೆ ಒಂದೂವರೆ ವರ್ಷ. ಅಷ್ಟರೊಳಗೆ ಪಾಸಾಗದಿದ್ದರೆ ವಾಪಸ್ ಬರಬೇಕು.

ಇದನ್ನು ಮನೆಯವರಿಗೂ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಊರಲ್ಲಿ "ಎರಡು ವರ್ಷ ಅಂದ್ರು, ಇನ್ನೂ ಮುಗಿದಿಲ್ಲವಾ?" ಅನ್ನುವ ಪ್ರಶ್ನೆಗೆ ಅಪ್ಪ-ಅಮ್ಮ ಉತ್ತರ ಹುಡುಕಬೇಕಾಗುತ್ತದೆ.

ಎರಡು ಪುಟದ ಸಂಶೋಧನಾ ಯೋಜನೆ

ಇಡೀ ಅರ್ಜಿಯಲ್ಲಿ ಅತಿ ಹೆಚ್ಚು ತೂಕ ಇರುವುದು ಇದಕ್ಕೇ ಅನ್ನುವುದು ನನ್ನ ಲೆಕ್ಕ. ಅಂಕ ಕಾಲೇಜಿನ ಎಲ್ಲರ ಬಳಿಯೂ ಇರುತ್ತದೆ. ಈ ಎರಡು ಪುಟ ನಿಮ್ಮದು ಮಾತ್ರ.

ಅರ್ಜಿ ಜೊತೆ ಒಂದು ನಮೂನೆ ಇರುತ್ತದೆ. ನಿಮ್ಮ ಈಗಿನ ವಿಷಯ ಯಾವುದು, ಜಪಾನಿನಲ್ಲಿ ಏನನ್ನು ಹುಡುಕಲು ಹೋಗುತ್ತೀರಿ, ಹೇಗೆ ಹುಡುಕುತ್ತೀರಿ ಅಂತ ಅದರಲ್ಲಿ ಬರೆಯಬೇಕು. "ಜಪಾನಿನ ಶಿಸ್ತು ನನಗೆ ಇಷ್ಟ, ಅಲ್ಲಿನ ತಂತ್ರಜ್ಞಾನ ಮುಂದುವರಿದಿದೆ" ಅನ್ನುವ ಸಾಲುಗಳನ್ನು ಓದುವವರು ಸಾವಿರ ಸಲ ಓದಿದ್ದಾರೆ. ಅದು ಹೊಗಳಿಕೆ ಆಯಿತು, ಯೋಜನೆ ಆಗಲಿಲ್ಲ.

ಬೆಂಗಳೂರಿನವರ ಹತ್ತಿರ ಇಲ್ಲದ ಒಂದು ಅನುಕೂಲ ನಮ್ಮ ಮೂರು ಜಿಲ್ಲೆಗಳವರಿಗೆ ಇದೆ. ನಮ್ಮ ಸುತ್ತಲೇ ಸಂಶೋಧನೆಗೆ ತಕ್ಕ ಸಮಸ್ಯೆಗಳು ಬಿದ್ದಿವೆ. ಒಂದು ಉದಾಹರಣೆಯನ್ನು ಹಂತ ಹಂತವಾಗಿ ನೋಡೋಣ.

ತುಂಗಭದ್ರಾ ಯೋಜನೆ ರೂಪುಗೊಂಡಾಗ ಕಾಲುವೆ ನೀರನ್ನು ತೆಳುವಾಗಿ, ಹೆಚ್ಚು ಭೂಮಿಗೆ ಹಂಚುವ ಲೆಕ್ಕ ಇತ್ತು. ಕಡಿಮೆ ನೀರು ಕುಡಿಯುವ ಬೆಳೆಗಳನ್ನೇ ಹೆಚ್ಚಾಗಿ ಬೆಳೆಯಲಿ ಎಂಬುದು ಉದ್ದೇಶ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತ ಹಬ್ಬಿತು. ನೀರು ನಿಂತು ನಿಂತು ಕೆಲವು ಹೊಲಗಳಲ್ಲಿ ಸವಳು ಎದ್ದಿತು. ಇತ್ತ ಕಾಲುವೆಯ ಕೊನೆಯ ಭಾಗಕ್ಕೆ ನೀರೇ ಬರುವುದಿಲ್ಲ ಎಂಬ ಕೂಗು ರಾಯಚೂರಿನಲ್ಲಿ ವರ್ಷವೂ ಕೇಳುತ್ತದೆ. ಇದು ನಮಗೆಲ್ಲ ಗೊತ್ತಿರುವ ಕಥೆ.

ಈಗ ಕೃಷಿ ಪದವೀಧರೆಯೊಬ್ಬಳು "ಸವಳು ಭೂಮಿಯ ಬಗ್ಗೆ ಸಂಶೋಧನೆ ಮಾಡುತ್ತೇನೆ" ಅಂತ ಬರೆದರೆ? ಅದು ವಿಷಯ ಅಷ್ಟೇ, ಪ್ರಶ್ನೆ ಅಲ್ಲ. "ಸಿಂಧನೂರು ತಾಲ್ಲೂಕಿನ ಸವಳು ಹೊಲಗಳು" ಅಂದರೆ ಜಾಗ ಬಂತು, ಪ್ರಶ್ನೆ ಇನ್ನೂ ಇಲ್ಲ. "ವರ್ಷಕ್ಕೆ ಎರಡು ಭತ್ತ ತೆಗೆಯುವ ಹೊಲದಲ್ಲಿ ಸವಳು ಏರುವ ವೇಗ, ಒಂದು ಭತ್ತದ ನಂತರ ಕಡಲೆ ಹಾಕುವ ಹೊಲಕ್ಕಿಂತ ಎಷ್ಟು ಬೇರೆ?" ಇದು ಪ್ರಶ್ನೆ. ಉತ್ತರ ಹುಡುಕುವ ದಾರಿಯೂ ತಾನಾಗಿಯೇ ಕಾಣುತ್ತದೆ. ಮಣ್ಣಿನ ಮಾದರಿ ತೆಗೆದು, ಉಪ್ಪು ಎಷ್ಟಿದೆ ಅಂತ ತಿಳಿಯಲು ಅದರ ವಿದ್ಯುತ್ ವಾಹಕತೆ ಅಳೆಯುವುದು, ಪುಕ್ಕಟೆ ಸಿಗುವ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಲ್ಲಿ ಹಳೆಯ ವರ್ಷಗಳನ್ನು ಹೋಲಿಸುವುದು.

ಇನ್ನು "ಜಪಾನೇ ಏಕೆ?" ಎಂಬ ಪ್ರಶ್ನೆ. ಟೊಟ್ಟೊರಿ ಯೂನಿವರ್ಸಿಟಿಯಲ್ಲಿ ಒಣಭೂಮಿ ಸಂಶೋಧನಾ ಕೇಂದ್ರವೊಂದಿದೆ. ಮರಳು ದಿಬ್ಬಗಳಿಗೆ ಹೆಸರಾದ ಊರು ಅದು. ಮಳೆ ಕಡಿಮೆ ಇರುವ ನಾಡುಗಳ ಮಣ್ಣು, ನೀರು, ಬೆಳೆಯ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ. ಜಪಾನೇ ಏಕೆ ಅನ್ನುವುದಕ್ಕೆ ಇಂಥ ಉತ್ತರ ಇದ್ದರೆ ಸಂದರ್ಶನದಲ್ಲಿ ತಡವರಿಸಬೇಕಾಗಿಲ್ಲ.

ಎಂಜಿನಿಯರಿಂಗ್‌ನವರಿಗೂ ಇದೇ ರೀತಿ. ಸಂಡೂರಿನ ಅದಿರಿನ ಪುಡಿ, ಅದನ್ನು ತೊಳೆದಾಗ ಉಳಿಯುವ ಕೆಸರು, ಉಕ್ಕಿನ ಕುಲುಮೆಯ ಸ್ಲ್ಯಾಗ್, ಶಕ್ತಿನಗರದ ಹಾರುಬೂದಿ, ಪ್ರತಿಯೊಂದರ ಹಿಂದೆಯೂ ಹತ್ತಾರು ಪ್ರಶ್ನೆ ಇವೆ. ಸೆಂಡೈ ಊರಿನ ಟೊಹೊಕು ಯೂನಿವರ್ಸಿಟಿ ಲೋಹಗಳ ಅಧ್ಯಯನಕ್ಕೆ ಹೆಸರುವಾಸಿ. 1917ರಲ್ಲಿ ಹೋಂಡಾ ಕೋಟಾರೊ ಎಂಬ ವಿಜ್ಞಾನಿ ಅಲ್ಲಿ ಕೆಎಸ್ ಉಕ್ಕು ಎಂಬ ಬಲವಾದ ಅಯಸ್ಕಾಂತದ ಉಕ್ಕನ್ನು ಕಂಡುಹಿಡಿದಿದ್ದರು. ಆ ಪರಂಪರೆ ಈಗಲೂ ನಡೆದಿದೆ. ಟೋಕಿಯೊ, ಕ್ಯೋಟೊ ಬಿಟ್ಟು ಬೇರೆ ಊರುಗಳ ಹೆಸರೇ ಕೇಳಿರದವರು ಒಂದು ವಾರ ಸುಮ್ನೆ ಯೂನಿವರ್ಸಿಟಿಗಳ ಪಟ್ಟಿ ಓದುತ್ತಾ ಕೂತರೂ ಲಾಭವೇ.

ಪ್ರೊಫೆಸರ್‌ಗೆ ಬರೆಯುವುದು

ಯಾರು ಏನು ಸಂಶೋಧನೆ ಮಾಡುತ್ತಿದ್ದಾರೆ ಅಂತ ತಿಳಿಯಲು 'ರಿಸರ್ಚ್‌ಮ್ಯಾಪ್' ಮತ್ತು 'ಕಾಕೆನ್' ಎಂಬ ಎರಡು ಸಾರ್ವಜನಿಕ ತಾಣಗಳಿವೆ. ಕಾಕೆನ್‌ನಲ್ಲಿ ಸರ್ಕಾರದ ಅನುದಾನ ಪಡೆದ ಯೋಜನೆಗಳ ವಿವರ ಇಂಗ್ಲಿಷ್‌ನಲ್ಲೂ ಸಿಗುತ್ತದೆ. ಅಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದವರನ್ನು ಹುಡುಕಿ, ಅವರ ಒಂದೆರಡು ಪ್ರಬಂಧ ನಿಜವಾಗಿಯೂ ಓದಿ. ಓದದೆ ಬರೆದ ಇಮೇಲ್ ಮೊದಲ ಸಾಲಿಗೇ ಸಿಕ್ಕಿಬೀಳುತ್ತದೆ.

ಇಮೇಲ್ ಚಿಕ್ಕದಿರಲಿ. ನೀವು ಯಾರು, ಅವರ ಯಾವ ಕೆಲಸ ಓದಿದಿರಿ, ನಿಮ್ಮ ಪ್ರಶ್ನೆ ಏನು, ಯಾವ ಸ್ಕಾಲರ್‌ಶಿಪ್‌ಗೆ ಯಾವ ದಾರಿಯಿಂದ ಅರ್ಜಿ ಹಾಕುತ್ತಿದ್ದೀರಿ, ಅಷ್ಟು ಸಾಕು. ಯೋಜನೆ ಮತ್ತು ಮಾರ್ಕ್ಸ್ ವಿವರ ಲಗತ್ತಿಸಿ. "ರೆಸ್ಪೆಕ್ಟೆಡ್ ಸರ್" ಬೇಡ. ಅವರ ಮನೆತನದ ಹೆಸರಿನ ಜೊತೆ ಪ್ರೊಫೆಸರ್ ಅಥವಾ ಸೆನ್ಸೇ ಅಂತ ಬರೆಯಿರಿ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸುವವರಿದ್ದಾರೆ. ಒಂದೇ ವಿಭಾಗದ ಪ್ರೊಫೆಸರ್‌ಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ ಅನ್ನುವುದನ್ನು ಮರೆಯಬೇಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೂ ಇಲ್ಲದಿದ್ದರೆ ಬೇರೆಯವರನ್ನು ನೋಡಿ.

ಕಾಗದಪತ್ರ, ಮತ್ತು ಹೆಸರಿನ ಗೊಂದಲ

ಎಲ್ಲ ಸೆಮಿಸ್ಟರ್‌ಗಳ ಅಂಕ ಒಟ್ಟಿಗೆ ಇರುವ ಟ್ರಾನ್ಸ್‌ಕ್ರಿಪ್ಟ್, ಡಿಗ್ರಿ ಪ್ರಮಾಣಪತ್ರ, ಶಿಫಾರಸು ಪತ್ರ, ಅವರದೇ ನಮೂನೆಯಲ್ಲಿ ವೈದ್ಯರು ತುಂಬಿದ ಆರೋಗ್ಯ ಪ್ರಮಾಣಪತ್ರ, ಮುಖ್ಯವಾಗಿ ಇವು ಬೇಕು. ಟ್ರಾನ್ಸ್‌ಕ್ರಿಪ್ಟ್ ಕೊಡುವುದು ಯೂನಿವರ್ಸಿಟಿ, ನಿಮ್ಮ ಕಾಲೇಜಲ್ಲ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಹಾಗಾಗಿ ಪ್ರಕಟಣೆಗೆ ಕಾಯದೆ ಮೊದಲೇ ತೆಗೆಸಿಡಿ. ಕನ್ನಡದಲ್ಲಿರುವ ಯಾವುದೇ ದಾಖಲೆಗೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು.

ಇಲ್ಲಿ ನಮ್ಮವರಿಗೆ ಬರುವ ದೊಡ್ಡ ತಲೆನೋವು ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ. ಡಿಗ್ರಿಯಲ್ಲಿ ಅಡ್ಡಹೆಸರು ಮುಂದೆ, ಪಾಸ್‌ಪೋರ್ಟಿನಲ್ಲಿ ಹಿಂದೆ. ಬಸವರಾಜ, ಬಸವರಾಜ್, ಬಸಪ್ಪ ಮೂವರೂ ಒಬ್ಬನೇ ಅಂತ ನಮಗೆ ಗೊತ್ತು, ಟೋಕಿಯೊದ ಗುಮಾಸ್ತನಿಗೆ ಗೊತ್ತಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಡಿಗ್ರಿ ಮೂರನ್ನೂ ಎದುರಿಗಿಟ್ಟುಕೊಂಡು ಒಂದೇ ರೂಪಕ್ಕೆ ತನ್ನಿ. ಇನಿಷಿಯಲ್ ಬಿಡಿಸಿ ಬರೆಸಿ. ಅಂಚೆ ಕಚೇರಿಗಳಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಬಂದಿರುವುದರಿಂದ ಈಗ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಹತ್ತಿರದ ಕೇಂದ್ರ ಆರಿಸಿಕೊಳ್ಳಿ.

ಜಪಾನಿ ಭಾಷೆ ಎಷ್ಟು ಬರಬೇಕು?

ಇಂಗ್ಲಿಷ್‌ನಲ್ಲೇ ನಡೆಯುವ ಮಾಸ್ಟರ್ಸ್, ಪಿಎಚ್‌ಡಿ ಕೋರ್ಸುಗಳು ಸಾಕಷ್ಟಿವೆ, ಅದರಲ್ಲೂ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ. ಜಪಾನಿ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದೆ ಸರಿಯಬೇಡಿ. ಆದರೆ ಲ್ಯಾಬಿನ ಹೊರಗೆ ಬದುಕು ಜಪಾನಿಯಲ್ಲೇ ನಡೆಯುತ್ತದೆ.

ಭಾಷಾ ಮಟ್ಟ ಅಳೆಯಲು ಜೆಎಲ್‌ಪಿಟಿ ಎಂಬ ಪರೀಕ್ಷೆ ಇದೆ. ಎನ್5 ಅತಿ ಸುಲಭ, ಎನ್1 ಅತಿ ಕಷ್ಟ. ಭಾರತದಲ್ಲಿ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಎನ್5 ಪಾಸಾಗಿದ್ದರೆ ಅರ್ಜಿಗೆ ಒಂದು ಮೆರುಗು. ಇದರಲ್ಲಿ ಕನ್ನಡದವರಿಗೆ ಒಂದು ಅನುಕೂಲ ಉಂಟು. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ವಿಭಕ್ತಿಯಂಥವು ನಾಮಪದದ ಹಿಂದೆ ಅಂಟಿಕೊಳ್ಳುತ್ತವೆ. ಇಂಗ್ಲಿಷ್ ಮೂಲಕ ಯೋಚಿಸುವುದು ಬಿಟ್ಟು ಕನ್ನಡದ ಮೂಲಕ ಕಲಿತರೆ ವಾಕ್ಯ ಬೇಗ ಕೂಡುತ್ತದೆ. ಲಿಪಿ ಮಾತ್ರ ಬೆವರಿಳಿಸುತ್ತದೆ. ಹಿರಾಗಾನಾ, ಕತಾಕಾನಾ ಎರಡನ್ನೂ ಇಲ್ಲೇ ಕಲಿತು ಹೋಗಿ. ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು, ಜೀವನಪೂರ್ತಿ ಕೆಲಸ.

ಹೊರಡುವ ಮುಂಚೆ: ದುಡ್ಡು, ಔಷಧಿ, ಡಬ್ಬಿ

ಪೂರ್ತಿ ಸ್ಕಾಲರ್‌ಶಿಪ್ ಅಂದರೂ ಕೈಯಿಂದ ಖರ್ಚು ಇದೆ. ಮೊದಲ ತಿಂಗಳ ದುಡ್ಡು ಇಳಿದ ದಿನವೇ ಕೈಗೆ ಬರುವುದಿಲ್ಲ. ಹಾಗಾಗಿ ಬರುವಾಗ ಸುಮಾರು 2,000 ಡಾಲರ್‌ನಷ್ಟು ತನ್ನಿ ಅಂತ ನಿಯಮದಲ್ಲೇ ಸೂಚನೆ ಇದೆ. ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ರೈತರ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ಏಪ್ರಿಲ್‌ನಲ್ಲಿ ಹೊರಡುವವರಿಗೆ ಮೆಣಸಿನಕಾಯಿ ದುಡ್ಡು ಆ ಹೊತ್ತಿಗೆ ಕೈಗೆ ಬಂದಿರಬಹುದು. ಅಕ್ಟೋಬರ್‌ನವರಿಗೆ ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ. ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಜೊತೆಗೆ ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಮೆಕ್ಸ್ಟ್ ಸಿಗುವುದಿಲ್ಲ. ರಾಜ್ಯದ ವಿದೇಶಿ ವ್ಯಾಸಂಗ ಯೋಜನೆಗೂ ಅರ್ಜಿ ಹಾಕಿದ್ದವರು ಒಂದನ್ನು ಬಿಡಬೇಕು.

ವಿಮಾನದ ಟಿಕೆಟ್ ಕೊಡುವುದು ಮನೆಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ. ಅಲ್ಲಿಯವರೆಗಿನ ಖರ್ಚು ನಿಮ್ಮದು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರಬಹುದು. ಒಂದು ದಿನ ಮುಂಚೆ ಹೊರಡಿ, ರೈಲು ತಡವಾದರೆ ಜಪಾನ್ ಸರ್ಕಾರ ಕಾಯುವುದಿಲ್ಲ.

ಔಷಧಿಯ ವಿಷಯದಲ್ಲಿ ಜಪಾನ್ ಬಹಳ ಬಿಗಿ. ವೈದ್ಯರು ಬರೆದ ಮಾತ್ರೆ ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಸ್ಯೂಡೊಎಫೆಡ್ರಿನ್ 10%ಗಿಂತ ಜಾಸ್ತಿ ಇರುವ ನೆಗಡಿ ಮಾತ್ರೆಗಳಿಗೆ ನಿಷೇಧ ಇದೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಮಾತ್ರೆಗಳಲ್ಲೂ ಇದು ಇರಬಹುದು. ಪಟ್ಟಿ ಮಾಡಿ, ಒಳಗಿನ ಅಂಶ ನೋಡಿ, ಚೀಟಿ ಜೊತೆಗಿಟ್ಟುಕೊಳ್ಳಿ.

ಅಮ್ಮ ಕಟ್ಟಿಕೊಡುವ ಡಬ್ಬಿಗಳಿಗೂ ಮಿತಿ ಇದೆ. ಮಾಂಸದ ಪದಾರ್ಥ, ಹಸಿ ಹಣ್ಣು, ತರಕಾರಿ, ಬೀಜ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಸಸ್ಯಾಹಾರಿಗಳು ಒಂದು ಮಾತು ತಿಳಿದಿರಬೇಕು. ಅಲ್ಲಿನ ಸಾರು, ನೂಡಲ್ಸ್ ಬಹುಪಾಲು ಮೀನಿನ ಕಟ್ಟಿನಲ್ಲೇ ಮಾಡಿದ್ದು. ತರಕಾರಿ ಮಾತ್ರ ಕಂಡರೂ ಒಳಗೆ ಅದಿರುತ್ತದೆ. ಅಡುಗೆ ಕಲಿತು ಹೋದವರು ಗೆದ್ದರು.

ಇಳಿದ ಮೇಲೆ ಮೊದಲ ಎರಡು ವಾರ

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ರೆಸಿಡೆನ್ಸ್ ಕಾರ್ಡ್ ಕೈಗೆ ಕೊಡುತ್ತಾರೆ. ಅಲ್ಲಿ ನಿಮ್ಮ ಗುರುತು ಇದೇ. ಉಳಿಯುವ ಜಾಗ ಗೊತ್ತಾದ 14 ದಿನದೊಳಗೆ ಆ ಊರಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಲ್ಲೇ ಆರೋಗ್ಯ ವಿಮೆಗೂ ಸೇರಬೇಕು. ಇದು ಕಡ್ಡಾಯ. ಆಸ್ಪತ್ರೆ ಖರ್ಚಿನಲ್ಲಿ 70% ವಿಮೆ ಕೊಡುತ್ತದೆ, 30% ನಿಮ್ಮದು. 20 ವರ್ಷ ತುಂಬಿದವರು ಪಿಂಚಣಿ ಯೋಜನೆಗೂ ಸೇರಬೇಕು, ಆದರೆ ಆದಾಯ ಇಲ್ಲದವರು ಕಂತಿಗೆ ವಿನಾಯಿತಿ ಕೇಳಬಹುದು. ಅದೇ ದಿನ ಅದೇ ಕಚೇರಿಯಲ್ಲಿ ಕೇಳಿಬಿಡಿ.

ಮನೆ ಬಾಡಿಗೆಗೆ ಹೋದರೆ ಅಡ್ವಾನ್ಸ್ ಬೇರೆ, ಮಾಲೀಕರಿಗೆ ವಾಪಸ್ ಬರದ 'ರೇಕಿನ್' ಎಂಬ ದುಡ್ಡು ಬೇರೆ ಕೇಳುವುದುಂಟು. ಜಾಮೀನುದಾರರೂ ಬೇಕು. ಆದ್ದರಿಂದ ಯೂನಿವರ್ಸಿಟಿಯ ಹಾಸ್ಟೆಲ್‌ಗೆ ಮೊದಲೇ ಅರ್ಜಿ ಹಾಕಿ. ಪಾರ್ಟ್‌ಟೈಮ್ ಕೆಲಸ ಮಾಡಬೇಕೆಂದರೆ ವಲಸೆ ಇಲಾಖೆಯ ಅನುಮತಿ ಬೇಕು. ಕಾಲೇಜು ನಡೆಯುವಾಗ ವಾರಕ್ಕೆ 28 ಗಂಟೆ ಮಿತಿ, ಅದನ್ನು ಮೀರಿದರೆ ವೀಸಾಕ್ಕೇ ಕುತ್ತು.

ಕೊನೆಯದಾಗಿ ಸ್ಕಾಲರ್‌ಶಿಪ್ ದುಡ್ಡು ಬರುವ ರೀತಿ. ಪ್ರತಿ ತಿಂಗಳು ಯೂನಿವರ್ಸಿಟಿಯ ಕಚೇರಿಗೆ ಹೋಗಿ ಹಾಜರಿ ಸಹಿ ಹಾಕಬೇಕು. ಸಹಿ ಬಿದ್ದರೆ ಆ ತಿಂಗಳ ದುಡ್ಡು ಖಾತೆಗೆ ಬರುತ್ತದೆ. ಊರ ಜಾತ್ರೆಗೆ ಅಂತ ಬಂದು ಸಹಿಯ ದಿನ ತಪ್ಪಿಸಿಕೊಂಡರೆ ಆ ತಿಂಗಳ ದುಡ್ಡು ಇಲ್ಲ. ರಜೆಗೆ ಟಿಕೆಟ್ ಮಾಡಿಸುವ ಮುಂಚೆ ಕಚೇರಿಯಲ್ಲಿ ಸಹಿಯ ದಿನಾಂಕ ಕೇಳಿಕೊಳ್ಳಿ.